ನವಿಲಿನ ಕೋಟೆಯಲ್ಲಿ ಮರೆತುಹೋದ ದಂಡನಾಯಕ

ಯಲವಿಗಿಯಲ್ಲಿ ರೈಲಿಳಿದು ಸವಣೂರು ದಾಟಿದರೆ ಬಂಕಾಪುರ. ಅಲ್ಲಿನ ಪಾಳುಕೋಟೆಗೆ ಜನ ಹೋಗುವುದು ನವಿಲು ನೋಡಲು. ಆದರೆ ಊರಿನ ಹೆಸರೇ ಒಬ್ಬ ಸೇನಾನಿಯದು. ರಾಷ್ಟ್ರಕೂಟ ಅಮೋಘವರ್ಷನ ದಂಡನಾಯಕ ಬಂಕೇಯನ ನೆನಪಿಗೆ ಊರಿಗೆ ಆ ಹೆಸರು ಬಂತು. ಅವನ ಮಗ ಲೋಕಾದಿತ್ಯ ಇಲ್ಲಿಂದಲೇ ಬನವಾಸಿ ನಾಡನ್ನು ಆಳುತ್ತಿದ್ದಾಗ, ಶಕ 820ರಲ್ಲಿ, ಗುಣಭದ್ರಾಚಾರ್ಯರ ‘ಉತ್ತರಪುರಾಣ’ಕ್ಕೆ ಪೂಜೆ ಸಂದಿತೆಂದು ಆ ಗ್ರಂಥದ ಪ್ರಶಸ್ತಿಯೇ ಹೇಳುತ್ತದೆ.

ಮುಂದೆ ಕೋಟೆ ಆದಿಲ್‌ಶಾಹಿಗಳ, ಸವಣೂರು ನವಾಬರ ಕೈ ಸೇರಿತು. ಯುದ್ಧಗಳು ನಿಂತವು, ಕಾವಲು ಎದ್ದುಹೋಯಿತು. ಖಿಲಾರಿ ದನಗಳ ತಳಿ ಕೇಂದ್ರ ಬಂತು. ಅದರ ಮೇವಿನ ಹೊಲ ನವಿಲಿಗೆ ಆಹಾರವಾಯಿತು, ವೈರಿಯನ್ನು ತಡೆಯಲು ತೋಡಿದ ಕಂದಕದ ಪೊದೆ ಆಸರೆಯಾಯಿತು. 2006ರಲ್ಲಿ ಇದು ನವಿಲುಧಾಮವೆಂದು ಘೋಷಣೆಯಾಯಿತು.

ತೊಡಕು ಇಲ್ಲಿಯೇ ಇದೆ. ನವಿಲಿಗೆ ಪೊದೆ ಬೇಕು. ಗೋಡೆಯ ಸಂದಿಗೆ ಇಳಿದ ಬೇರು ಕಲ್ಲನ್ನು ಸಡಿಲಿಸುತ್ತದೆ. ಕಂದಕದ ಹಸಿರನ್ನು ಬಿಟ್ಟು, ಗೋಡೆಯ ಮೇಲಿನದನ್ನಷ್ಟೇ ತೆಗೆದರೆ ಎರಡೂ ಉಳಿದಾವು.