ಹಾಡುವವರ ಪಕ್ಕದ ಪೇಟಿ

ಹುಬ್ಬಳ್ಳಿ-ಧಾರವಾಡದ ಬೈಠಕ್‌ಗಳಲ್ಲಿ ಹಾಡಿದವರ ಹೆಸರು ಎಲ್ಲರ ಬಾಯಲ್ಲಿದೆ. ಪಕ್ಕದಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ಹಿಡಿದು ಕೂತವರು ಯಾರೆಂದು ಕೇಳಿದರೆ ಹಿರಿಯ ಕೇಳುಗರೇ ನೆನಪಿಸಿಕೊಂಡು ಹೇಳಬೇಕು. ಧಾರವಾಡದ ವಸಂತ ಕನಕಾಪುರರ ಜೊತೆಗೆ ಅವರು ಹೇಳುವ ಇನ್ನೊಂದು ಹೆಸರು ರಾಮಭಾವು ಬಿಜಾಪುರೆ.

ಹೆಸರಿನಲ್ಲಿ ಬಿಜಾಪುರ ಇದ್ದರೂ ಅವರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಕಾಗವಾಡದಲ್ಲಿ, 1917ರಲ್ಲಿ. ಮೊದಲ ಪಾಠ ಅಣ್ಣಿಗೇರಿ ಮಲ್ಲಯ್ಯನವರಲ್ಲಿ. ಮುಂದೆ ಗೋವಿಂದರಾವ್ ಗಾಯಕವಾಡ, ಹನುಮಂತರಾವ್ ವಾಳ್ವೇಕರರಲ್ಲಿ ಪೇಟಿ. ಜೊತೆಗೆ ರಾಮಕೃಷ್ಣಬುವಾ ವಝೆಯವರಲ್ಲಿ ಗಾಯನವನ್ನೂ ಕಲಿತರು. ನನಗೆ ಕೇಳಿಸುವಂತೆ ಅವರ ಕೈಯ ಗುಟ್ಟು ಇರುವುದು ಈ ಗಾಯನದ ಕಲಿಕೆಯಲ್ಲೇ.

ಪೇಟಿ ಹಟಮಾರಿ ವಾದ್ಯ. ಸಪ್ತಕಕ್ಕೆ 12 ಪಟ್ಟಿ, ನಡುವೆ ಏನೂ ಇಲ್ಲ. ಗಾಯಕ ಮೀಂಡದಲ್ಲಿ ಸ್ವರದಿಂದ ಸ್ವರಕ್ಕೆ ಜಾರಿದರೆ, ದರಬಾರಿ ರಾಗದ ಗಾಂಧಾರವನ್ನು ತೂಗಿದರೆ, ಪೇಟಿಗೆ ಅದು ಎಟುಕದು. ಹಾಗೆಂದೇ 1940ರ ಮಾರ್ಚ್‌ನಲ್ಲಿ ಆಕಾಶವಾಣಿ ಅದನ್ನು ಹೊರಗಿಟ್ಟಿತು. 1950ರಲ್ಲಿ ಧಾರವಾಡ ಕೇಂದ್ರ ಶುರುವಾದಾಗಲೂ ಈ ನಿಷೇಧ ಜಾರಿಯಲ್ಲಿತ್ತು. ಸಡಿಲವಾಗತೊಡಗಿದ್ದು 1971ರ ಸುಮಾರಿಗೆ. ರೇಡಿಯೋ ಒಲ್ಲೆ ಎಂದರೂ ಊರಿನ ಬೈಠಕ್‌ಗಳಾಗಲಿ ಕಂಪನಿ ನಾಟಕಗಳಾಗಲಿ ಪೇಟಿಯನ್ನು ಬಿಡಲಿಲ್ಲ.

ಇಲ್ಲದ ಸ್ವರದ ಕೊರತೆಯನ್ನು ತುಂಬುವುದು ವಾದಕನ ತಿಳಿವಳಿಕೆ. ಬಂದಿಶಿನ ಮಾತು ಎಲ್ಲಿ ಒಡೆಯುತ್ತದೆ, ಗಾಯಕ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆ ಎಂದು ಗೊತ್ತಿರಬೇಕು. ಎಡಗೈ ಗಾಳಿಯನ್ನು ಹದವಾಗಿ ಒತ್ತಿದರೆ ದನಿ ಏರಿಳಿಯುತ್ತದೆ. ಬೆರಳು ಗಾಯಕನಿಗಿಂತ ಕೂದಲೆಳೆಯಷ್ಟು ಹಿಂದಿರಬೇಕು. ಮುಂದೆ ಓಡಿದರೆ ಅದು ಸಾಥ್ ಅಲ್ಲ, ಪೈಪೋಟಿ. (ಚಪ್ಪಾಳೆಗಾಗಿ ಹಾಗೆ ಓಡುವವರು ಈಗಲೂ ಉಂಟು.) ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಕುಮಾರ ಗಂಧರ್ವ ಇವರೆಲ್ಲರಿಗೂ ಬಿಜಾಪುರೆ ಸಾಥ್ ಕೊಟ್ಟರು. ಒಬ್ಬೊಬ್ಬರ ಗಾಯನ ಶೈಲಿಯೂ ಬೇರೆ. ಮನ್ಸೂರರ ವಕ್ರವಾದ ಅಪರೂಪದ ರಾಗಕ್ಕೆ ಒಗ್ಗಿದ ಬೆರಳು ಮರುದಿನ ಕುಮಾರರ ಚಿಕ್ಕ ಚಿಕ್ಕ ಹೊಳಹುಗಳ ಹಿಂದೆ ಹೋಗಬೇಕು.

ಸಾಥಿನಷ್ಟೇ ಒಲವಿನಿಂದ ಅವರು ಪೇಟಿಯನ್ನು ಒಂಟಿಯಾಗಿಯೂ ನುಡಿಸಿದರು. 1938ರಲ್ಲೇ, ಇಪ್ಪತ್ತೊಂದರ ಹರೆಯದಲ್ಲಿ, ಬೆಳಗಾವಿಯಲ್ಲಿ ಶ್ರೀರಾಮ ಸಂಗೀತ ಶಾಲೆ ತೆರೆದು ದಶಕಗಟ್ಟಲೆ ಕಲಿಸಿದರು. ಬೆಳಗಾವಿಯ ಸುಧಾಂಶು ಕುಲಕರ್ಣಿ, ಬೆಂಗಳೂರಿನ ರವೀಂದ್ರ ಕಾಟೋಟಿ ಅವರ ಗರಡಿಯವರೇ. ಬಿಜಾಪುರೆ ಮಾಸ್ತರರು 2010ರ ನವೆಂಬರಿನಲ್ಲಿ ತೀರಿಕೊಂಡರು. 2018ರಲ್ಲಿ ಬೆಂಗಳೂರಿನಲ್ಲಿ ಹಾರ್ಮೋನಿಯಂಗೆಂದೇ ವಿಶ್ವಮಟ್ಟದ ಸಮ್ಮೇಳನ ನಡೆಯಿತು. ಅದರ ಮುಂಚೂಣಿಯಲ್ಲಿದ್ದವರು ಇದೇ ಕಾಟೋಟಿ.