ಹೃದಯಾಘಾತ ಮತ್ತು ಒಂದು ಗಳಿಗೆಯ ಬೆಲೆ

ಬೆಳಗಿನ ಜಾವದ ನಾಲ್ಕು ಗಂಟೆ. ಮುಂಬಯಿಯ ಯಾವುದೋ ಒಂದು ಹೊಟೇಲಿನ ಮಾಳಿಗೆಯ ಕೋಣೆ. ಸಾಲಾಗಿ ಮಲಗಿದ ಕೆಲಸಗಾರರ ನಡುವಿನಿಂದ, ಇಡ್ಲಿಯ ಒಲೆ ಹಚ್ಚಲೆಂದು ಎದ್ದ ಐವತ್ತರ ಹರೆಯದ ಅಡಿಗೆಯವರಿಗೆ ಎದೆಯ ಮೇಲೆ ಕಲ್ಲು ಹೇರಿದಂತಹ ಭಾರ. ಮೈಯೆಲ್ಲ ತಣ್ಣನೆಯ ಬೆವರು. "ರಾತ್ರಿ ಹೊತ್ತು ಮೀರಿ ಉಂಡದ್ದಲ್ಲವೇ, ಗ್ಯಾಸು ಆಗಿರಬೇಕು" ಎಂದು ಅವರು ಒಂದು ಲೋಟ ಸೋಡಾ ಕುಡಿಯುತ್ತಾರೆ. ಪಕ್ಕದ ಹುಡುಗನು ಬೆನ್ನು ತಿಕ್ಕುತ್ತಾನೆ. "ಸಂಜೆಯ ಬಸ್ಸಿಗೆ ಊರಿಗೆ ಹೋಗಿ ನಮ್ಮ ಡಾಕ್ಟರರಿಗೇ ತೋರಿಸಿ ಬನ್ನಿ ಭಟ್ರೇ" ಎಂದು ಮತ್ತೊಬ್ಬನು ಸಲಹೆ ಕೊಡುತ್ತಾನೆ. ಎಲ್ಲರೂ ಒಳ್ಳೆಯವರೇ, ಎಲ್ಲರದೂ ಸದ್ಭಾವನೆಯೇ. ಆದರೆ ಸಂಜೆಯ ಬಸ್ಸು ಹೊರಡುವಷ್ಟರಲ್ಲಿ ಆಗಬಾರದ್ದು ಆಗಿ ಹೋಗಿರಬಹುದು.

ಇದು ಯಾವ ಒಬ್ಬ ವ್ಯಕ್ತಿಯ ಕಥೆಯೂ ಅಲ್ಲ. ನಾವು ಕಲ್ಪಿಸಿಕೊಂಡ ಚಿತ್ರ. ಆದರೂ ಊರು ಬಿಟ್ಟು ಬಂದು ಹೊಟೇಲುಗಳಲ್ಲಿಯೂ ಕಚೇರಿಗಳಲ್ಲಿಯೂ ದುಡಿಯುವ ನಮ್ಮ ವಾಚಕರಿಗೆ ಈ ಚಿತ್ರವು ಅಪರಿಚಿತವಾಗಿ ತೋರಲಾರದು. ಹೃದಯಾಘಾತಕ್ಕೆ ಇಂದು ಉತ್ತಮ ಚಿಕಿತ್ಸೆ ಉಂಟು. ಆದರೆ ಆ ಚಿಕಿತ್ಸೆಯ ಫಲವು ರೋಗಿಯು ಎಷ್ಟು ಬೇಗ ಆಸ್ಪತ್ರೆಯ ಬಾಗಿಲು ತಲುಪುವನೆಂಬುದನ್ನು ಅವಲಂಬಿಸಿದೆ. ಇದೊಂದು ಮಾತನ್ನು ಮನದಟ್ಟು ಮಾಡಿಕೊಡುವುದೇ ಈ ಲೇಖನದ ಉದ್ದೇಶ.

ಆಗುವುದೇನು?

ಹೃದಯವು ದಿನವೊಂದಕ್ಕೆ ಸುಮಾರು ಒಂದು ಲಕ್ಷ ಸಲ ಮಿಡಿದು ಇಡೀ ದೇಹಕ್ಕೆ ರಕ್ತವನ್ನು ಒದಗಿಸುತ್ತದೆ. ಹೀಗೆ ದುಡಿಯುವ ಆ ಸ್ನಾಯುವಿಗೂ ರಕ್ತ ಬೇಕಷ್ಟೆ. ಅದನ್ನು ಕಿರೀಟದಂತೆ ಹೃದಯವನ್ನು ಸುತ್ತುವರಿದ ಸಣ್ಣ ಧಮನಿಗಳು ತಲುಪಿಸುತ್ತವೆ. ವಯಸ್ಸು, ತಂಬಾಕು, ಸಕ್ಕರೆ ಕಾಯಿಲೆ, ರಕ್ತದ ಒತ್ತಡ ಇತ್ಯಾದಿ ಕಾರಣಗಳಿಂದ ಈ ಧಮನಿಗಳ ಒಳಗೋಡೆಯಲ್ಲಿ ಕೊಬ್ಬು ಸಂಗ್ರಹವಾಗುತ್ತದೆ. ಒಂದು ದಿನ ಆ ಕೊಬ್ಬಿನ ಪದರವು ಬಿರಿದರೆ ಅಲ್ಲಿ ರಕ್ತವು ಹೆಪ್ಪುಗಟ್ಟಿ ದಾರಿಯನ್ನು ಮುಚ್ಚಿಬಿಡುತ್ತದೆ. ಇದೇ ಹೃದಯಾಘಾತ.

ನಮ್ಮ ಹಿರಿಯರು ಇಪ್ಪತ್ತನಾಲ್ಕು ನಿಮಿಷಗಳನ್ನು ಒಂದು ಗಳಿಗೆ ಎಂದು ಎಣಿಸುತ್ತಿದ್ದರು. ರಕ್ತವು ಪೂರ್ಣವಾಗಿ ನಿಂತ ಮೇಲೆ ಹೃದಯದ ಸ್ನಾಯುವು ಸಾಯತೊಡಗುವುದಕ್ಕೆ ಹೆಚ್ಚುಕಡಿಮೆ ಅಷ್ಟೇ ಕಾಲ ಸಾಕು. ಬಳಿಕ ಗಂಟೆ ಗಂಟೆಗೂ ಆ ಸಾವು ಹರಡುತ್ತಾ ಹೋಗುತ್ತದೆ. ಹಾಗೆ ಸತ್ತ ಭಾಗವು ಮರಳಿ ಮೊದಲಿನಂತೆ ದುಡಿಯುವ ಸ್ನಾಯುವಾಗಲಾರದು.

ಗುರುತಿಸುವ ಬಗೆ

ಎದೆಯ ನಡುಭಾಗದಲ್ಲಿ ಹಿಂಡಿದಂತಹ, ಒತ್ತಿ ಹಿಡಿದಂತಹ, ಉರಿದಂತಹ ನೋವು ಇದರ ಮುಖ್ಯ ಲಕ್ಷಣ. ಅದು ಎಡತೋಳಿಗೆ, ಭುಜಕ್ಕೆ, ಕುತ್ತಿಗೆಗೆ, ದವಡೆಗೆ, ಬೆನ್ನಿಗೆ ಹಬ್ಬಬಹುದು, ಬಲತೋಳಿಗೂ ಹಬ್ಬುವುದುಂಟು. ಜೊತೆಗೆ ತಣ್ಣನೆಯ ಬೆವರು, ಏದುಸಿರು, ವಾಕರಿಕೆ, ತಲೆಸುತ್ತು ಕಾಣಿಸಿಕೊಳ್ಳುತ್ತವೆ. ನೋವು ಕೆಲವರಿಗೆ ಹೊಟ್ಟೆಯ ಮೇಲ್ಭಾಗದಲ್ಲಿಯೇ ತೋರುವುದರಿಂದ ಅಜೀರ್ಣವೆಂಬ ಭ್ರಮೆಯುಂಟಾಗುತ್ತದೆ. ಸಕ್ಕರೆ ಕಾಯಿಲೆಯವರಿಗೂ ವೃದ್ಧರಿಗೂ ಸ್ತ್ರೀಯರಿಗೂ ಹೆಚ್ಚಿನ ನೋವಿಲ್ಲದೆ ಬರೀ ಆಯಾಸ, ಏದುಸಿರುಗಳಷ್ಟೇ ಇರಬಹುದು.

ಮೆಟ್ಟಿಲು ಹತ್ತುವಾಗ ಎದೆ ಹಿಡಿದಂತಾಗಿ, ಕುಳಿತೊಡನೆ ಕೆಲವು ನಿಮಿಷಗಳಲ್ಲಿ ಬಿಡುವ ನೋವೂ ಉಂಟು. ಅದು ಧಮನಿ ಕಿರಿದಾಗಿದೆಯೆಂಬ ಮುನ್ಸೂಚನೆ. ತಡಮಾಡದೆ ವೈದ್ಯರಿಗೆ ತೋರಿಸತಕ್ಕದ್ದು. ಆದರೆ ವಿಶ್ರಾಂತಿಯಲ್ಲಿರುವಾಗಲೇ ಬಂದ ನೋವು, ಅಥವಾ ಕುಳಿತು ಕೆಲವು ನಿಮಿಷಗಳಾದರೂ ಬಿಡದ ನೋವು ತುರ್ತಿನದು. ಗ್ಯಾಸೋ ಹೃದಯವೋ ಎಂಬ ತೀರ್ಮಾನವನ್ನು ಗಲ್ಲಾದಲ್ಲಿ ಕುಳಿತ ಯಜಮಾನರೂ ಮಾಡಬಾರದು, ನೋವುಂಡವರೂ ಮಾಡಬಾರದು. ಆ ತೀರ್ಪು ಯಂತ್ರದ್ದು, ವೈದ್ಯರದ್ದು.

ಕೂಡಲೇ ಮಾಡತಕ್ಕದ್ದು

ರೋಗಿಯನ್ನು ಕುಳ್ಳಿರಿಸಿ ಬಟ್ಟೆ ಸಡಿಲಿಸಿ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದುಗಳಲ್ಲಿ 108ಕ್ಕೆ, ದಿಲ್ಲಿಯಲ್ಲಿ 102ಕ್ಕೆ, ಎಲ್ಲಿಯೇ ಆದರೂ 112ಕ್ಕೆ ಫೋನು ಮಾಡಿ ಆಂಬುಲೆನ್ಸ್ ಕರೆಯಿರಿ. ಅದು ಬರುವುದು ತಡವಾಗುವಂತಿದ್ದರೆ ಟ್ಯಾಕ್ಸಿಯಲ್ಲಿ ಜೊತೆಗೊಬ್ಬರು ಕುಳಿತು ಕರೆದೊಯ್ಯಿರಿ. ರೋಗಿಯು ನಡೆದು ಹೋಗುವುದು, ತಾನೇ ಸ್ಕೂಟರು ಓಡಿಸುವುದು, ಲೋಕಲ್ ರೈಲಿಗೆ ಹತ್ತುವುದು ಸರ್ವಥಾ ಸಲ್ಲದು.

ಈ ನಡುವೆ 300 ಅಥವಾ 325 ಮಿಲಿಗ್ರಾಮಿನ ಒಂದು ಆಸ್ಪಿರಿನ್ ಮಾತ್ರೆಯನ್ನು ಜಗಿದು ನುಂಗಲು ಕೊಡಬಹುದು. ಆದರೆ ಆಸ್ಪಿರಿನ್ ಒಗ್ಗದವರಿಗೆ, ಹೊಟ್ಟೆಯ ಹುಣ್ಣಿನಿಂದಲೋ ಬೇರೆ ಕಾರಣದಿಂದಲೋ ರಕ್ತಸ್ರಾವವಿರುವವರಿಗೆ, ಬೆನ್ನನ್ನು ಸೀಳಿದಂತೆ ಹಠಾತ್ತನೆ ತೀವ್ರ ನೋವು ಬಂದವರಿಗೆ ಇದನ್ನು ಕೊಡಕೂಡದು. ಸಂದೇಹವಿದ್ದರೆ ಫೋನಿನಲ್ಲಿಯೇ ಕೇಳಿ. ನಾಲಗೆಯ ಕೆಳಗಿಡುವ ಸಾರ್ಬಿಟ್ರೇಟ್ ಮಾತ್ರೆಯನ್ನು ಪಕ್ಕದ ಮನೆಯಿಂದ ತಂದು ಕೊಡುವ ವಾಡಿಕೆ ಒಳ್ಳೆಯದಲ್ಲ. ಅದು ರಕ್ತದ ಒತ್ತಡವನ್ನು ಇಳಿಸುವುದರಿಂದ ಕೆಲವರಿಗೆ ಅಪಾಯಕರ. ತನ್ನ ವೈದ್ಯರು ಮೊದಲೇ ಬರೆದುಕೊಟ್ಟಿದ್ದವರು ಮಾತ್ರ ತೆಗೆದುಕೊಳ್ಳತಕ್ಕದ್ದು. ಜೋರಾಗಿ ಕೆಮ್ಮಿದರೆ ಹೃದಯಾಘಾತ ನಿಲ್ಲುವುದೆಂದು ಮೊಬೈಲುಗಳಲ್ಲಿ ಹರಿದಾಡುವ ಮಾತಿಗೆ ಆಧಾರವಿಲ್ಲ.

ಆಸ್ಪತ್ರೆಯಲ್ಲಿ

ಹಾಲೆಂಡಿನ ಐಂಥೋವನ್ ಎಂಬ ವಿಜ್ಞಾನಿಯು ಹೃದಯದ ವಿದ್ಯುತ್ ಮಿಡಿತವನ್ನು ಗೆರೆಗಳಾಗಿ ಮೂಡಿಸುವ ಯಂತ್ರವನ್ನು ರೂಪಿಸಿ 1924ರಲ್ಲಿ ನೊಬೆಲ್ ಪಾರಿತೋಷಕ ಪಡೆದನು. ಅದೇ ಇಂದಿನ ಇ.ಸಿ.ಜಿ. ಎದೆನೋವಿನ ರೋಗಿಯು ಬಂದ ಹತ್ತು ನಿಮಿಷಗಳೊಳಗೆ ಇದನ್ನು ತೆಗೆಯಬೇಕೆಂಬುದು ವೈದ್ಯರ ನಿಯಮ. ನೋವೇನೂ ಆಗದ ಈ ಪರೀಕ್ಷೆಯಿಂದ ಧಮನಿಯು ಪೂರ್ತಿ ಮುಚ್ಚಿದೆಯೇ ಎಂಬುದು ಬಹಳಮಟ್ಟಿಗೆ ತಿಳಿಯುತ್ತದೆ. ಆದರೆ ಮೊದಲ ಇ.ಸಿ.ಜಿ. ಸರಿಯಾಗಿದ್ದ ಮಾತ್ರಕ್ಕೆ ಎದ್ದು ಬರಬಾರದು. ನೋವು ಮುಂದುವರಿದರೆ ಅದನ್ನು ಮತ್ತೆ ತೆಗೆಯುತ್ತಾರೆ. ಗಾಯಗೊಂಡ ಹೃದಯದಿಂದ ಟ್ರೋಪೋನಿನ್ ಎಂಬ ದ್ರವ್ಯವು ರಕ್ತಕ್ಕೆ ಸೇರುತ್ತದೆ. ಅದು ಏರಲು ಕೆಲವು ಗಂಟೆಗಳು ಬೇಕಾದುದರಿಂದ ರಕ್ತವನ್ನೂ ಎರಡನೆಯ ಸಲ ಪರೀಕ್ಷಿಸುತ್ತಾರೆ. "ಸುಮ್ಮನೆ ಕಾಯಿಸುತ್ತಿದ್ದಾರೆ" ಎಂದು ಬೇಸರಿಸಿ ಹೊರಟುಬಿಡುವುದು ದೊಡ್ಡ ತಪ್ಪು.

1950ರ ದಶಕದಲ್ಲಿ ಹೃದಯಾಘಾತವಾದವರಿಗೆ ನೋವು ತಗ್ಗಿಸುವ ಮಾರ್ಫಿಯಾ, ಆಮ್ಲಜನಕ, ವಾರಗಟ್ಟಲೆ ಹಾಸಿಗೆಯ ವಿಶ್ರಾಂತಿ, ಇವುಗಳಿಗಿಂತ ಹೆಚ್ಚಿನದೇನನ್ನೂ ಮಾಡುವುದು ವೈದ್ಯರಿಗೆ ಕಷ್ಟವಾಗಿತ್ತು. ಇಂದು ಮುಚ್ಚಿದ ಧಮನಿಯನ್ನೇ ತೆರೆಯಬಹುದು. ಅದಕ್ಕೆ ಎರಡು ಮಾರ್ಗಗಳುಂಟು.

ಒಂದು ಆಂಜಿಯೋಪ್ಲಾಸ್ಟಿ. 1977ರಲ್ಲಿ ಜೂರಿಕ್ ನಗರದಲ್ಲಿ ಗ್ರುಂಟ್ಸಿಗ್ ಎಂಬ ವೈದ್ಯನು ಸಣ್ಣ ನಳಿಕೆಯ ತುದಿಯ ಬಲೂನನ್ನು ಹೃದಯದ ಧಮನಿಯೊಳಗೆ ಉಬ್ಬಿಸಿ ದಾರಿ ಬಿಡಿಸಿದನು. ಈಗ ಆ ದಾರಿ ಮತ್ತೆ ಕಿರಿದಾಗದಂತೆ ಸ್ಟೆಂಟ್ ಎಂಬ ಲೋಹದ ಬಲೆಯನ್ನೂ ಇರಿಸುತ್ತಾರೆ. ಇ.ಸಿ.ಜಿ.ಯಲ್ಲಿ ಧಮನಿ ಪೂರ್ತಿ ಮುಚ್ಚಿದೆಯೆಂದು ತಿಳಿದ ಎರಡು ಗಂಟೆಗಳೊಳಗೆ ಇದು ಸಾಧ್ಯವಾದರೆ ಇದೇ ಶ್ರೇಷ್ಠ.

ಅಷ್ಟರಲ್ಲಿ ಸಾಧ್ಯವಿಲ್ಲದ ಕಡೆ ಹೆಪ್ಪನ್ನು ಕರಗಿಸುವ ಚುಚ್ಚುಮದ್ದು ಎರಡನೆಯ ಮಾರ್ಗ. ಸ್ಟ್ರೆಪ್ಟೋಕೈನೇಸ್, ಟೆನೆಕ್ಟೆಪ್ಲೇಸ್ ಅಂತಹ ಮದ್ದುಗಳು. ನೋವು ತೊಡಗಿದ ಹನ್ನೆರಡು ಗಂಟೆಗಳವರೆಗೆ ಇದರಿಂದ ಪ್ರಯೋಜನವುಂಟಾದರೂ ಮೊದಲ ಎರಡು ಮೂರು ಗಂಟೆಗಳಲ್ಲಿ ಕೊಟ್ಟದ್ದೇ ಹೆಚ್ಚು ಫಲಕಾರಿ. ಮೊದಲು ಮೆದುಳಿನಲ್ಲಿ ರಕ್ತಸ್ರಾವವಾಗಿದ್ದವರಿಗೆ ಇದನ್ನು ಕೊಡುವುದಿಲ್ಲ. ಆದಕಾರಣ ಹಿಂದಿನ ಕಾಯಿಲೆಗಳನ್ನು ಮುಚ್ಚಿಡದೆ ಹೇಳಬೇಕು. 17,000ಕ್ಕೂ ಮಿಕ್ಕಿದ ರೋಗಿಗಳನ್ನು ಪರಿಶೀಲಿಸಿ 1988ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಆಸ್ಪಿರಿನ್ ಮತ್ತು ಸ್ಟ್ರೆಪ್ಟೋಕೈನೇಸ್ ಎರಡನ್ನೂ ಪಡೆದವರಲ್ಲಿ ಐದು ವಾರಗಳೊಳಗಿನ ಸಾವುಗಳು ಶೇಕಡಾ ಸುಮಾರು 40ರಷ್ಟು ಕಡಿಮೆಯಾದುವು. ಕೆಲವೇ ಪೈಸೆಗಳ ಮಾತ್ರೆಯ ಮಹಿಮೆಯನ್ನು ಜಗತ್ತು ಮನಗಂಡದ್ದು ಆಗ.

ಊರಿನಲ್ಲಿ ರಜೆಯಲ್ಲಿರುವಾಗ ನೋವು ಬಂದರೂ ದೂರದ ನಗರಕ್ಕೆ ಹೊರಡುವ ಮೊದಲು ಹತ್ತಿರದ ತಾಲೂಕು ಆಸ್ಪತ್ರೆಗೆ ಹೋಗುವುದು ಲೇಸು. ನಟ ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು 46ನೆಯ ವಯಸ್ಸಿನಲ್ಲಿ ಹಠಾತ್ತನೆ ಅಗಲಿದುದನ್ನು ಕನ್ನಡಿಗರು ಮರೆತಿಲ್ಲ. ಆ ಬಳಿಕ ಕರ್ನಾಟಕ ಸರಕಾರವು ಅವರ ಹೆಸರಿನಲ್ಲಿ ಹೃದಯಜ್ಯೋತಿ ಯೋಜನೆಯನ್ನು ಆರಂಭಿಸಿತು. ಇದರಲ್ಲಿ ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ದೂರದ ತಜ್ಞರು ನೋಡಿ ಹೇಳುತ್ತಾರೆ. ಹೆಪ್ಪು ಕರಗಿಸುವ ಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುತ್ತಾರೆ.

ಹೃದಯವೇ ನಿಂತಾಗ

ಹೃದಯಾಘಾತ ಬೇರೆ, ಹೃದಯಸ್ತಂಭನ ಬೇರೆ. ಮೊದಲನೆಯದರಲ್ಲಿ ಹೃದಯವು ನೋವಿನಲ್ಲಿಯೂ ಮಿಡಿಯುತ್ತಿರುತ್ತದೆ. ಎರಡನೆಯದರಲ್ಲಿ ಮಿಡಿತವೇ ತಾಳತಪ್ಪಿ ನಿಂತು ಮನುಷ್ಯನು ಕುಸಿಯುತ್ತಾನೆ. ಕರೆದರೆ ಓಗೊಡನು, ಸರಿಯಾಗಿ ಉಸಿರಾಡನು. ಮೊದಲನೆಯದು ಎರಡನೆಯದಕ್ಕೆ ತಿರುಗುವುದುಂಟು. ಆಗ ನೀರು ಕುಡಿಸುವುದು, ಈರುಳ್ಳಿ ಮೂಸಿಸುವುದು ವ್ಯರ್ಥ. ಒಬ್ಬರು ಫೋನು ಮಾಡಲಿ. ಮತ್ತೊಬ್ಬರು ರೋಗಿಯನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಅಂಗೈಯನ್ನೂರಿ, ಅದರ ಮೇಲೆ ಇನ್ನೊಂದು ಕೈಯನ್ನಿಟ್ಟು, ಮೊಣಕೈ ಮಡಿಸದೆ, ಎದೆಯು ಐದರಿಂದ ಆರು ಸೆಂಟಿಮೀಟರು ತಗ್ಗುವಂತೆ ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಪ್ರತಿ ಒತ್ತಿನ ಬಳಿಕ ಎದೆಯು ಮೇಲೇಳಲು ಬಿಡಬೇಕು. ದಣಿದರೆ ಇನ್ನೊಬ್ಬರು ಕೈಕೊಡಲಿ. ನೆರವು ಬರುವ ತನಕ ನಿಲ್ಲಿಸಕೂಡದು.

ಈ ಕ್ರಮವನ್ನು 1960ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ಮೂವರು ವಿದ್ವಾಂಸರು ಪ್ರಕಟಿಸಿದರು. ಇದಕ್ಕೆ ಬೇಕಾದುದು ಎರಡು ಕೈಗಳು ಮಾತ್ರ. ಪೂರಿಯ ಹಿಟ್ಟು ನಾದುವ ಕೈಗಳಿಗೆ ಈ ಬಲವು ಸಾಲದೆ ಹೋಗದು. ಹಲವು ರೈಲು ನಿಲ್ದಾಣ, ವಿಮಾನ ನಿಲ್ದಾಣಗಳಲ್ಲಿ ಹೃದಯಕ್ಕೆ ವಿದ್ಯುತ್ತಿನ ಪೆಟ್ಟು ಕೊಡುವ ಎ.ಇ.ಡಿ. ಎಂಬ ಪೆಟ್ಟಿಗೆಯಿರುತ್ತದೆ. ತೆರೆದರೆ ಅದೇ ಬಾಯಿಮಾತಿನಲ್ಲಿ ದಾರಿ ತೋರಿಸುತ್ತದೆ.

ಭಾಷೆ ಮತ್ತು ಹಣದ ಚಿಂತೆ

ಹೊಸದಾಗಿ ಬಂದವರಿಗೆ ನಗರದ ಭಾಷೆ ಬಾರದಿರುವುದು ಸಹಜ. ಹಿಂದಿಯಲ್ಲಿ "ಸೀನೇ ಮೇ ದರ್ದ್ ಹೈ", ಮರಾಠಿಯಲ್ಲಿ "ಛಾತೀತ್ ದುಖ್ತಂಯ್", ತಮಿಳಿನಲ್ಲಿ "ನೆಂಜು ವಲಿಕ್ಕುದು", ತೆಲುಗಿನಲ್ಲಿ "ಗುಂಡೆ ನೊಪ್ಪಿ" ಎಂದರೆ ಸಾಕು, ಯಾವ ಆಸ್ಪತ್ರೆಯವರಿಗೂ ಅರ್ಥವಾಗುತ್ತದೆ. ನೋವು ಎಷ್ಟು ಗಂಟೆಗೆ ತೊಡಗಿತೆಂಬುದನ್ನು ಮರೆಯದೆ ಹೇಳಿ. "ಗ್ಯಾಸು" ಎಂಬ ಮಾತನ್ನು ಮಾತ್ರ ನೀವಾಗಿ ಎತ್ತಬೇಡಿ.

ಹಣವಿಲ್ಲವೆಂದು ಹಿಂಜರಿಯಬೇಕಾದುದಿಲ್ಲ. ಮುಂಬಯಿಯ ಕೆ.ಇ.ಎಂ., ಸಾಯನ್, ನಾಯರ್ ಮುಂತಾದ ನಗರಪಾಲಿಕೆಯ ದೊಡ್ಡ ಆಸ್ಪತ್ರೆಗಳಲ್ಲಿ ಹೃದ್ರೋಗ ವಿಭಾಗಗಳಿವೆ. ಜೀವಾಪಾಯದಲ್ಲಿರುವವನಿಗೆ ತುರ್ತು ನೆರವು ಕೊಡುವುದು ಸರಕಾರಿ, ಖಾಸಗಿ ಎಂಬ ಭೇದವಿಲ್ಲದೆ ಪ್ರತಿಯೊಬ್ಬ ವೈದ್ಯನ ಕರ್ತವ್ಯವೆಂದು ಸುಪ್ರೀಂ ಕೋರ್ಟು 1989ರಲ್ಲಿಯೇ ತೀರ್ಪಿತ್ತಿದೆ. ಆಧಾರ್, ರೇಶನ್, ಇ.ಎಸ್.ಐ. ಅಥವಾ ಆಯುಷ್ಮಾನ್ ಕಾರ್ಡುಗಳು, ಸೇವಿಸುತ್ತಿರುವ ಔಷಧಗಳ ಚೀಟಿ ಮತ್ತು ಊರಿನ ಮನೆಯ ಫೋನು ನಂಬರು, ಇವನ್ನು ಒಂದೇ ಚೀಲದಲ್ಲಿ ಇಟ್ಟುಕೊಂಡು ಕೋಣೆಯ ಸಂಗಾತಿಗೆ ತಿಳಿಸಿಡುವುದು ಜಾಣತನ.

ಗುಣವಾದ ಮೇಲೆ ಮೈ ಹಗುರವಾಯಿತೆಂದು ಮಾತ್ರೆ ನಿಲ್ಲಿಸುವವರು ಬಹಳ. ಸ್ಟೆಂಟ್ ಇರಿಸಿಕೊಂಡವರು ಹೆಪ್ಪುಗಟ್ಟದಂತೆ ತಡೆಯುವ ಎರಡು ಮಾತ್ರೆಗಳನ್ನು ಸಾಮಾನ್ಯವಾಗಿ ಒಂದು ವರ್ಷದವರೆಗೆ ಸೇವಿಸಬೇಕಾಗುತ್ತದೆ. ವೈದ್ಯರನ್ನು ಕೇಳದೆ ಬಿಟ್ಟರೆ ಸ್ಟೆಂಟಿನಲ್ಲಿಯೇ ಹೆಪ್ಪು ಕಟ್ಟಬಹುದು. ಬೀಡಿ, ಸಿಗರೇಟು, ಗುಟಕಾಗಳನ್ನು ಅಂದೇ ತೊರೆಯಬೇಕು. ಒಲೆಯ ಮುಂದೆ ನಿಂತೇ ದುಡಿಯುವವರೂ ಕುರ್ಚಿ ಬಿಟ್ಟೇಳದ ಗುಮಾಸ್ತರೂ ನಲವತ್ತು ದಾಟುವ ಮೊದಲೇ ರಕ್ತದ ಒತ್ತಡ ಮತ್ತು ಸಕ್ಕರೆಯನ್ನು ಪರೀಕ್ಷಿಸಿಕೊಳ್ಳುವುದು ಕ್ಷೇಮಕರ.

ಕೊನೆಯದಾಗಿ ಒಂದು ಅರಿಕೆ. ಹಗಲೆಲ್ಲ ತಟ್ಟೆ ಲೋಟ ತೊಳೆದ ಹುಡುಗರು ರಾತ್ರಿ ಕಲಿತು ಮುಂದೆ ಬರಲೆಂದು ಮುಂಬಯಿಯ ಕನ್ನಡಿಗರು ರಾತ್ರಿ ಶಾಲೆಗಳನ್ನು ನಡೆಸಿದರು. ಅಲ್ಲಿ ಅಕ್ಷರ ಕಲಿತು ಬಾಳು ಕಟ್ಟಿಕೊಂಡವರು ಅನೇಕರು. ಅದೇ ಸಮಾಜದ ಸಂಘ ಸಂಸ್ಥೆಗಳು ಒಂದು ಭಾನುವಾರ ಒಬ್ಬ ವೈದ್ಯರನ್ನು ಕರೆಸಿ, ಎದೆಯೊತ್ತುವ ಕ್ರಮವನ್ನು ನಮ್ಮ ಕೆಲಸಗಾರರಿಗೆ ಕಲಿಸಲಾರವೇ? ಹೊಟೇಲಿನ ಯಜಮಾನರು ಗಲ್ಲಾದ ಡ್ರಾಯರಿನಲ್ಲಿ ನಾಲ್ಕು ಆಸ್ಪಿರಿನ್ ಮಾತ್ರೆ ಇಟ್ಟು, ಹತ್ತಿರದ ಹೃದ್ರೋಗದ ಆಸ್ಪತ್ರೆಯ ಹೆಸರನ್ನು ಗೋಡೆಯ ಮೇಲೆ ಬರೆಸಲಾರರೇ?

ಪರಸ್ಥಳದಲ್ಲಿ ದುಡಿಯುವವನಿಗೆ ಆಪತ್ಕಾಲದಲ್ಲಿ ತಾಯಿ ತಂದೆ ಹತ್ತಿರವಿರುವುದಿಲ್ಲ; ಪಕ್ಕದ ಚಾಪೆಯಲ್ಲಿ ಮಲಗಿದವನೇ ಬಂಧು. ಆ ಬಂಧುವು ಬೆನ್ನು ತಿಕ್ಕುತ್ತಾ ಕೂರದೆ ಫೋನು ಎತ್ತಿಕೊಂಡರೆ ಊರಿನಲ್ಲಿ ಒಂದು ಮನೆಯ ದೀಪ ಉಳಿದೀತು. ಊರ ಬಸ್ಸು ನಾಳೆಯೂ ಹೊರಡುತ್ತದೆ.