ಹಳೆಯ ಬೆಳ್ಳಿ ರೂಪಾಯಿಗಳಿಂದ ಹೋಟೆಲ್ ಬಿಲ್ ಪಾವತಿ: ಸಾರ್ವಜನಿಕರಿಗೆ ಮಾಹಿತಿ

ಕೆ.ಜಿ.ಎಫ್. ಮತ್ತು ಬಂಗಾರಪೇಟೆ ಭಾಗದ ಹಳೆಯ ಮನೆತನಗಳಲ್ಲಿ ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಗಳು ಇಂದಿಗೂ ಉಳಿದಿರಬಹುದು. ಇವುಗಳನ್ನು ಹೋಟೆಲಿನಲ್ಲಿ ಊಟದ ಹಣವಾಗಿ ನೀಡಬಹುದೇ ಎಂಬ ಪ್ರಶ್ನೆಗೆ ಈ ಕೆಳಕಂಡಂತೆ ಮಾಹಿತಿ ನೀಡಲಾಗಿದೆ.

1940ಕ್ಕೆ ಮೊದಲು ಟಂಕಿಸಲಾದ ಬೆಳ್ಳಿ ರೂಪಾಯಿಗಳನ್ನು 1940ರ ದಶಕದಲ್ಲಿಯೇ ಚಲಾವಣೆಯಿಂದ ಹಿಂಪಡೆಯಲಾಗಿರುತ್ತದೆ. ಆದ್ದರಿಂದ ಹೋಟೆಲ್ ಮಾಲೀಕರು ಅವುಗಳನ್ನು ನಿರಾಕರಿಸಿದಲ್ಲಿ ಅದು ತಪ್ಪಲ್ಲ. ಈ ಬಗ್ಗೆ ದೂರು ಸಲ್ಲಿಸಿ ಪ್ರಯೋಜನವಿಲ್ಲ.

ವಾಸ್ತವವಾಗಿ, ಮಾಲೀಕರು ಸಂತೋಷದಿಂದ ಸ್ವೀಕರಿಸಿದಲ್ಲಿಯೇ ತಮಗೆ ನಷ್ಟವಾಗುವ ಸಂಭವ ಹೆಚ್ಚು. ಸದರಿ ರೂಪಾಯಿಯ ತೂಕ 11.66 ಗ್ರಾಂ, ಅದರ ಹನ್ನೆರಡು ಭಾಗಗಳಲ್ಲಿ ಹನ್ನೊಂದು ಭಾಗ, ಅಂದರೆ ಸುಮಾರು 10.7 ಗ್ರಾಂ, ಬೆಳ್ಳಿ. ಆ ದಿನದ ಬೆಳ್ಳಿಯ ದರವನ್ನು ಊಟದ ಬಿಲ್ಲಿನೊಂದಿಗೆ ತಾವೇ ಹೋಲಿಸಿ ನೋಡಬಹುದು. 1940ರಿಂದ ರೂಪಾಯಿಯಲ್ಲಿ ಬೆಳ್ಳಿಯ ಅಂಶವನ್ನು ಅರ್ಧಕ್ಕೆ ಇಳಿಸಲಾಯಿತು. 1947ರ ರೂಪಾಯಿ ನಿಕ್ಕಲ್ಲಿನದು. ಆದಕಾರಣ ನಾಣ್ಯದ ಮೇಲಿನ ಇಸವಿಯನ್ನು ನೋಡದೆ, ತೂಕ ಮಾಡಿಸದೆ ಯಾರಿಗೂ ಕೊಡಬಾರದು.

ಹಳೆಯ ನಾಣ್ಯಗಳ ವ್ಯವಹಾರದಲ್ಲಿ ಭಾರತೀಯ ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಶುಲ್ಕ ಅಥವಾ ಕಮಿಷನ್ ಕೇಳುವವರನ್ನು ನಂಬಬಾರದೆಂದು ಆ ಬ್ಯಾಂಕು 2021ರ ಆಗಸ್ಟ್‌ನಲ್ಲಿ ಪ್ರಕಟಣೆ ಹೊರಡಿಸಿದೆ.

ಮನೆಯ ಪಾಯ ತೆಗೆಯುವಾಗ ಹೂತಿಟ್ಟ ನಾಣ್ಯಗಳು ದೊರೆತಲ್ಲಿ ಅವು ಮನೆಯಲ್ಲಿ ಕಾಪಾಡಿಕೊಂಡು ಬಂದ ನಾಣ್ಯಗಳಂತಲ್ಲ. ಅವುಗಳಿಗೆ ನಿಧಿಗೆ ಸಂಬಂಧಿಸಿದ ಕಾನೂನು ಅನ್ವಯವಾಗುವುದರಿಂದ, ಮಾರುವ ಮೊದಲು ಜಿಲ್ಲಾಧಿಕಾರಿಗಳ ಕಚೇರಿಗೆ ತಿಳಿಸತಕ್ಕದ್ದು.